ನಿಮ್ಮ ಉರಿಗಣ್ಣು ಯಾರನ್ನೂ ಸುಡಲಿಲ್ಲ

ನಮಸ್ಕಾರ.

ಪತ್ರದಲ್ಲಿ ಏಳು ಸಲ ಮೇಡಂ ಅಂತ ಬರೆದಿದ್ದೀರಿ. ಅಕ್ಕ ಅಂದರೆ ಸಾಕು. ದಾವಣಗೆರೆಗೂ ದುರ್ಗಕ್ಕೂ ನಡುವೆ ಇರೋದು ಒಂದು ಗಂಟೆ ಚಿಲ್ಲರೆ ಬಸ್ ದಾರಿ, ಅಷ್ಟಕ್ಕೆಲ್ಲ ಇಷ್ಟು ಮರ್ಯಾದೆ ಬೇಡ.

ಪ್ರಕಟಣೆಗೆ ಅಂತ ನೀವು ಕಳಿಸಿದ ‘ಉರಿಗಣ್ಣು’ ಆಟವನ್ನು ಎರಡು ಸಲ ಓದಿದೆ. ನಾಲ್ಕೈದು ಜನ ಟೇಬಲ್ ಸುತ್ತ ಕೂತು, ದಾಳ ಹಾಕಿ, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಆಡುವ ರೋಲ್‌ಪ್ಲೇ ಆಟಕ್ಕೆ ಕನ್ನಡದಲ್ಲಿ ಬರೆಯುವವರೇ ಕಡಿಮೆ. ನೀವು ಅದನ್ನು ಏಳು ಸುತ್ತಿನ ಕೋಟೆಯೊಳಗೇ ತಂದು ಕೂರಿಸಿದ್ದೀರಿ. ಭಾಷೆ ಚೆನ್ನಾಗಿದೆ. ಅಕ್ಕ ತಂಗಿ ಹೊಂಡದ ಪಕ್ಕ ಹುಡುಗ ರಾತ್ರಿ ಕಾವಲು ಕೂರುವ ಜಾಗ ನನಗೆ ತುಂಬಾ ಹಿಡಿಸಿತು. ಹೊಗಳಿಕೆ ಇಷ್ಟೇ. ನಕ್ಷೆ, ಉಳಿದ ಪಾತ್ರಗಳು, ಕೊನೆಯ ಕಾಳಗ, ಇವುಗಳ ಬಗ್ಗೆ ನಾನೇನೂ ಹೇಳುವುದಿಲ್ಲ. ನಾನು ನಾಲ್ಕನೇ ಪುಟದಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ.

ಆ ಪುಟದಲ್ಲಿ ಕಾವಲು ಹುಡುಗನ ಹಣೆಯಲ್ಲಿ ಒಂದು ಕಣ್ಣು ತೆರೆಯುತ್ತದೆ. ಅದು ನೋಡಿದ್ದೆಲ್ಲ ಉರಿಯುತ್ತದೆ, ಅವನ ಹಿಡಿತಕ್ಕೆ ಸಿಗುವುದಿಲ್ಲ. ಒಳ್ಳೆಯದು. ಆಮೇಲೆ ಬರೆಯುತ್ತೀರಿ:

“ಈ ಶಕ್ತಿ ಅತ್ಯಂತ ಭಯಾನಕವಾದದ್ದು. ಇದನ್ನು ಹಿಡಿದಿಡಲು ದೇವಾನುದೇವತೆಗಳಿಂದಲೂ ಸಾಧ್ಯವಿಲ್ಲ.”

ಸರಿ, ಹೆದರಿಕೊಂಡೆ ಅಂತಲೇ ಇಟ್ಟುಕೊಳ್ಳಿ. ಪುಟ ತಿರುಗಿಸಿದರೆ ನೀವೇ ಕೊಟ್ಟ ಮಾದರಿ ಆಟದಲ್ಲಿ ಹುಡುಗ ಇದೇ ಕಣ್ಣಿನಿಂದ ಮಾಡುವ ಮೊದಲ ಕೆಲಸ ಏನು? ಒದ್ದೆ ಸೌದೆ ಹೊತ್ತಿಸುವುದು. ಎರಡನೆಯದು ಬೀಗ ಕರಗಿಸುವುದು. ದೇವತೆಗಳ ಕೈಗೂ ಸಿಗದ ಶಕ್ತಿ ಈ ಹುಡುಗನಿಗೆ ಬೆಂಕಿಪೊಟ್ಟಣ ಆಗಿಬಿಟ್ಟಿದೆ. ಮಾದರಿ ಆಟದಲ್ಲಿ ಒಟ್ಟು ಆರು ಸಲ ಕಣ್ಣು ತೆರೆಯುತ್ತಾನೆ, ಒಂದು ಸಲವೂ ಹಿಂದೆ ಮುಂದೆ ನೋಡುವುದಿಲ್ಲ. ನೋಡಬೇಕಾದ ಅಗತ್ಯವನ್ನೇ ನೀವು ಇಟ್ಟಿಲ್ಲ, ಅಲ್ವಾ?

“ಕಣ್ಣು ತೆರೆದಾಗಲೆಲ್ಲ ಇಪ್ಪತ್ತು ಮುಖದ ದಾಳ ಹಾಕಬೇಕು. ಒಂದು ಬಿದ್ದರೆ ಮಹಾ ಅನಾಹುತ.”

ಇದು ಎಲ್ಲಿಂದ ಬಂತು ಅಂತ ಗೊತ್ತು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅನ್ನುವ ರೋಲ್‌ಪ್ಲೇ ಆಟದ 2014ರ ಆವೃತ್ತಿಯಲ್ಲಿ ವೈಲ್ಡ್ ಮ್ಯಾಜಿಕ್, ಅಂದರೆ ಹಿಡಿತಕ್ಕೆ ಸಿಗದ ಮಾಯಾಶಕ್ತಿ, ಇರುವ ಮಾಂತ್ರಿಕ ಮಂತ್ರ ಹಾಕಿದಾಗ, ಆಟ ನಡೆಸುವವರು ಕೇಳಿದರೆ, ಇಪ್ಪತ್ತು ಮುಖದ ದಾಳ ಹಾಕಬೇಕು. ಒಂದು ಬಿದ್ದರೆ ಮತ್ತೆ ದಾಳ ಹಾಕಿ, ಏನಾಗುತ್ತದೆ ಅಂತ ಒಂದರಿಂದ ನೂರರವರೆಗಿನ ಪಟ್ಟಿಯಲ್ಲಿ ನೋಡಬೇಕು. ಆ ಪಟ್ಟಿಯಲ್ಲಿ ಬೆಂಕಿ ಉಂಡೆ ನಿಮ್ಮ ತಲೆ ಮೇಲೇ ಸಿಡಿಯುವುದೂ ಇದೆ, ನೀವು ಕುಂಡದಲ್ಲಿರುವ ಗಿಡ ಆಗುವುದೂ ಇದೆ. ಅಲ್ಲಿ ಅದು ನಡೆಯುತ್ತದೆ, ಯಾಕೆಂದರೆ ಅದು ಅರ್ಧ ತಮಾಷೆ. ಅಷ್ಟೇ ಅಲ್ಲ, ಆ ಮಾಂತ್ರಿಕ ಬೇಕೆಂದರೆ ಒಂದು ದಾಳಕ್ಕೆ ತಾನೇ ಅನುಕೂಲ ಎಳೆದುಕೊಳ್ಳಬಹುದು, ಅಂದರೆ ಎರಡು ಸಲ ಹಾಕಿ ದೊಡ್ಡದನ್ನು ಇಟ್ಟುಕೊಳ್ಳಬಹುದು. ಆಮೇಲೆ ಆಟ ನಡೆಸುವವರು ಒಂದು ಬೀಳೋದನ್ನೂ ಕಾಯದೆ ನೇರ ಆ ಪಟ್ಟಿಗೇ ಕಳಿಸಬಹುದು. ಅಂದರೆ ಸಾಲ ತೆಗೆದದ್ದು ಅವನೇ. ನೀವು ದಾಳವನ್ನು ಮಾತ್ರ ತಂದಿರಿ, ಸಾಲವನ್ನು ಅಲ್ಲೇ ಬಿಟ್ಟು ಬಂದಿರಿ.

ಲೆಕ್ಕ ಮಾಡಿ ನೋಡಿ. ಇಪ್ಪತ್ತಕ್ಕೆ ಒಂದು ಅಂದರೆ ನೂರಕ್ಕೆ 5. ಆರು ಸಲ ಕಣ್ಣು ತೆರೆದರೂ ಒಮ್ಮೆಯಾದರೂ ಒಂದು ಬೀಳುವ ಸಾಧ್ಯತೆ ನೂರಕ್ಕೆ 26ರ ಆಸುಪಾಸು. ನಾಲ್ಕು ಸಂಜೆ ಆಡಿದರೆ ಸುಮಾರು ಮೂರು ಸಂಜೆ ಏನೂ ಆಗದೆ ಎಲ್ಲರೂ ಮನೆಗೆ ಹೋಗುತ್ತಾರೆ. ನಾಲ್ಕನೇ ಸಂಜೆ ಅನಾಹುತ ಆದಾಗ ಆ ಹುಡುಗ ಮಾಡಿದ ತಪ್ಪೇನು? ಏನೂ ಇಲ್ಲ, ಸುಮ್ನೆ ದಾಳ ಕೈಕೊಟ್ಟಿತು. ಅದಕ್ಕೆ ಯಾರೂ ಹೆದರುವುದಿಲ್ಲ, ಬೇಜಾರು ಮಾಡಿಕೊಳ್ಳುತ್ತಾರೆ ಅಷ್ಟೇ.

ಇನ್ನು ನನಗೆ ನಿಜವಾಗಿ ಸಿಟ್ಟು ಬರಿಸಿದ ಸಾಲು.

“ಆಟಗಾರ ಬಯಸಿದರೆ ದೇವರ ಪ್ರಸಾದ ತಿಂದು ದಾಳವನ್ನು ಮತ್ತೊಮ್ಮೆ ಹಾಕಬಹುದು.”

ಇಪ್ಪತ್ತನ್ನು ಇಪ್ಪತ್ತರಿಂದ ಗುಣಿಸಿ. ನಾನೂರಕ್ಕೆ ಒಂದು! ದೇವಾನುದೇವತೆಗಳಿಂದ ಆಗದ್ದು ಒಂದು ಚೂರು ಪ್ರಸಾದದಿಂದ ಆಯಿತು. ನಿಮಗೆ ನಿಮ್ಮ ಹುಡುಗನ ಮೇಲೆ ಪ್ರೀತಿ ಜಾಸ್ತಿ, ಗೊತ್ತಾಗುತ್ತದೆ. ಅವನಿಗೆ ಏನೂ ಆಗಬಾರದು ಅಂತ ಪುಟದ ಉದ್ದಕ್ಕೂ ಹಾಸಿಗೆ ಹಾಸಿಟ್ಟಿದ್ದೀರಿ.

“ಅನಾಹುತವಾದಾಗ ಹತ್ತಿರದ ಹಳ್ಳಿಯೊಂದು ಸುಟ್ಟುಹೋಗುತ್ತದೆ.”

ಯಾವ ಹಳ್ಳಿ? ಅಲ್ಲಿ ಯಾರಿದ್ದರು? ಹುಡುಗನ ಅತ್ತೆ ಮನೆಯೇ, ಅವನು ದನ ಮೇಯಿಸಿದ ಊರೇ? ಹೆಸರೇ ಇಲ್ಲದ ಹಳ್ಳಿ ಸುಟ್ಟರೆ ಟೇಬಲ್ ಮೇಲೆ ಮಂಡಕ್ಕಿ ತಿನ್ನುತ್ತಿರುವವರ ಕೈ ಒಂದು ಕ್ಷಣವೂ ನಿಲ್ಲುವುದಿಲ್ಲ.

ನನ್ನ ಕಥೆ ಒಂದು ಹೇಳಬೇಕು. ಇಪ್ಪತ್ತೈದು ವರ್ಷದ ಹಿಂದೆ ಇದೇ ಊರಿನ ಒಂದು ಸಣ್ಣ ಪತ್ರಿಕೆಯಲ್ಲಿ ಕರಡು ತಿದ್ದುವ ಕೆಲಸಕ್ಕೆ ಸೇರಿದ್ದೆ. ಸಂಜೆ ಐದರಿಂದ ರಾತ್ರಿ ಹನ್ನೊಂದರವರೆಗೆ ಒತ್ತು, ದೀರ್ಘ ನೋಡಿ ನೋಡಿ ಕಣ್ಣು ಉರಿಯುತ್ತಿತ್ತು. ಹೇಗೋ ಬೇಡಿಕೊಂಡು ಹತ್ತಿರದ ಹಳ್ಳಿಯ ಕೆಂಡ ಹಾಯುವ ಜಾತ್ರೆಯ ಬಗ್ಗೆ ಬರೆಯುವ ಅವಕಾಶ ಗಿಟ್ಟಿಸಿಕೊಂಡೆ. ಮೈಮೇಲೆ ದೇವರು ಬಂದವನೊಬ್ಬ ಕೆಂಡದಲ್ಲಿ ಮೂರು ಸಲ ಹಾಯ್ದ. ಬರೆದೆ. ಒಂದೇ ಪ್ಯಾರಾದಲ್ಲಿ ಎರಡು ‘ರೋಮಾಂಚಕ’, ಒಂದು ‘ಭಯಂಕರ’, ಒಂದು ‘ಮೈನವಿರೇಳಿಸುವ’.

ನಮ್ಮ ಹಿರಿಯ ಉಪಸಂಪಾದಕರು ಓದಿ, ಕೆಂಪು ಪೆನ್ನು ಎತ್ತಲೇ ಇಲ್ಲ. “ಅವನ ಕಾಲು ನೋಡಿದೆಯೇನಮ್ಮಾ?” ಅಂತ ಕೇಳಿದರು. ನೋಡಿರಲಿಲ್ಲ. “ನಾಳೆ ಬೆಳಿಗ್ಗೆ ಬಸ್ಸಿಗೆ ಹೋಗಿ ನೋಡಿಕೊಂಡು ಬಾ.” ಬಸ್ ಚಾರ್ಜು ಕೊಡಲಿಲ್ಲ, ಅದು ಬೇರೆ ಮಾತು.

ಹೋದೆ. ಆ ಮನುಷ್ಯ ಕಟ್ಟೆ ಮೇಲೆ ಕಾಲು ನೀಡಿಕೊಂಡು ಕೂತಿದ್ದ. ಎಡಗಾಲಿನ ಅಂಗಾಲಲ್ಲಿ ಬೊಬ್ಬೆ ಎದ್ದಿತ್ತು. ಉಪವಾಸದ ಬಗ್ಗೆ ಕೇಳಿದೆ, ಮಡಿಯ ಬಗ್ಗೆ ಕೇಳಿದೆ, ಎಲ್ಲಕ್ಕೂ ಹೂಂ ಅಂದ. ಆಮೇಲೆ ತಾನಾಗಿ ಹೇಳಿದ: “ಮೊದಲ್ನೇದು, ಎರಡ್ನೇದು ದೇವರದ್ದು. ಮೂರನೇದು ನಂದು. ಭಾವ ನೋಡ್ತಾ ನಿಂತಿದ್ನಲ್ಲ, ಅದಕ್ಕೆ ಹೋದೆ. ಹೋಗಬಾರದಿತ್ತು.”

ಆ ಮಾತನ್ನು ಇಟ್ಟುಕೊಂಡು ಮತ್ತೆ ಬರೆದೆ. ಹನ್ನೊಂದೇ ಸಾಲು ಅಚ್ಚಾಯಿತು, ‘ಭಯಂಕರ’ ಒಂದೂ ಇರಲಿಲ್ಲ. ಅವತ್ತು ನನಗೆ ಅಳು ಬಂದಿತ್ತು, ಪೂರ್ತಿ ಪುಟ ಬರುತ್ತದೆ ಅಂತ ಅಮ್ಮನಿಗೆ ಹೇಳಿಬಿಟ್ಟಿದ್ದೆ.

ನಿಮ್ಮ ಹುಡುಗನಿಗೆ ಆ ಮೂರನೇ ಸಲ ಇಲ್ಲ. ಮೊದಲೆರಡು ಸಲ ಏನೂ ಆಗಲಿಲ್ಲ, ಇನ್ನೊಮ್ಮೆ ಹೋದರೆ ಸುಡಬಹುದು ಅಂತ ಗೊತ್ತಿದೆ, ಆದರೆ ಭಾವ ನೋಡುತ್ತಿದ್ದಾನೆ. ಆಟಗಾರ ದಾಳವನ್ನು ಕೈಯಲ್ಲಿ ಹಿಡಿದು ಹಾಕಲೋ ಬೇಡವೋ ಅಂತ ಕೂರುವುದು ಅಲ್ಲಿ. ಕುಂತಿಯನ್ನೇ ನೋಡಿ. ದುರ್ವಾಸರು ಕೊಟ್ಟ ಮಂತ್ರ ತಪ್ಪಲಿಲ್ಲ, ಎಡವಟ್ಟೂ ಆಗಲಿಲ್ಲ, ಸರಿಯಾಗಿಯೇ ಫಲಿಸಿತು. ನೋಡೋಣ ಅಂತ ಹೇಳಿದ್ದು ಅವಳೇ, ಮಗುವನ್ನು ಹೊಳೆಯಲ್ಲಿ ತೇಲಿಬಿಟ್ಟಿದ್ದೂ ಅವಳೇ.

ಆಟದಲ್ಲಿ ಇದನ್ನು ಹೇಗೆ ತರುವುದು ಅಂತ ಕೇಳುತ್ತೀರಿ. ವಾರ್‌ಹ್ಯಾಮರ್ ಫ್ಯಾಂಟಸಿ ರೋಲ್‌ಪ್ಲೇನ 2005ರ ಎರಡನೇ ಆವೃತ್ತಿ ಸಿಕ್ಕರೆ ನೋಡಿ. ಅಲ್ಲಿ ಮಂತ್ರಕ್ಕೆ ಎಷ್ಟು ದಾಳ ಹಾಕಬೇಕು ಅನ್ನುವುದನ್ನು ಮಾಂತ್ರಿಕ ತನ್ನ ಶಕ್ತಿಯ ಮಿತಿಯೊಳಗೆ ತಾನೇ ಆರಿಸಿಕೊಳ್ಳುತ್ತಾನೆ. ಹತ್ತು ಮುಖದ ದಾಳಗಳು, ಕೂಡಿ ಬಂದ ಸಂಖ್ಯೆ ಜಾಸ್ತಿ ಆದಷ್ಟೂ ಮಂತ್ರ ಫಲಿಸುತ್ತದೆ. ಆದರೆ ಎರಡು ದಾಳದಲ್ಲಿ ಒಂದೇ ಅಂಕಿ ಬಿದ್ದರೆ ಕೆಟ್ಟದ್ದೇನೋ ಒಳಗೆ ನುಸುಳುತ್ತದೆ. ಮೂರು ದಾಳದಲ್ಲಿ ಒಂದೇ ಅಂಕಿ ಬಿದ್ದರೆ ಇನ್ನೂ ಕೆಟ್ಟದ್ದು, ನಾಲ್ಕರಲ್ಲೂ ಬಿದ್ದರೆ ಕಥೆ ಮುಗಿದ ಹಾಗೆ. ಎರಡು ದಾಳ ಹಾಕಿದರೆ ಜೋಡಿ ಬೀಳುವುದು ನೂರಕ್ಕೆ 10 ಸಲ, ಮೂರು ಹಾಕಿದರೆ 28, ನಾಲ್ಕು ಹಾಕಿದರೆ ಸುಮಾರು 50. ಇಷ್ಟೇ ನಿಯಮ, ‘ಭಯಾನಕ’ ಅನ್ನುವ ಪದವೇ ಬೇಕಾಗಿಲ್ಲ. ಮೊದಲ ಸಲ ಆಡಿದಾಗ ನಾಲ್ಕನೇ ದಾಳ ಎತ್ತಿಕೊಳ್ಳುವಾಗ ನನ್ನ ಅಂಗೈ ಬೆವೆತಿತ್ತು, ಮಹಡಿ ಮೇಲೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು!

ಅದನ್ನೇ ಎತ್ತಿ ನಿಮ್ಮ ಪುಟದಲ್ಲಿ ಅಂಟಿಸಬೇಡಿ. ಬೆಲೆ ಏನು ಅಂತ ನೀವೇ ಹುಡುಕಬೇಕು. 1981ರ ಕಾಲ್ ಆಫ್ ಕ್ಥುಲ್ಹು ಅನ್ನುವ ರೋಲ್‌ಪ್ಲೇ ಆಟದಲ್ಲಿ ಆ ಬೆಲೆ ಬುದ್ಧಿಯ ಸ್ಥಿಮಿತ, ಮಂತ್ರ ಕಲಿತಷ್ಟೂ, ಹಾಕಿದಷ್ಟೂ ಅದು ಸವೆಯುತ್ತದೆ. ನಿಮ್ಮ ಹುಡುಗನ ಹತ್ತಿರ ಕಳೆದುಕೊಳ್ಳೋಕೆ ಏನಿದೆ? ಉತ್ತರ ನಿಮ್ಮ ಎರಡನೇ ಪುಟದಲ್ಲೇ ಇದೆ. ಅವನು ಕಾವಲುಗಾರ. ಹೊಂಡದ ಪಕ್ಕ ಕತ್ತಲಲ್ಲಿ ಕೂತು, ನೀರಿನ ಮೇಲೆ ಬಿದ್ದ ನೆರಳು ಮನುಷ್ಯನದ್ದೋ ಬಂಡೆಯದ್ದೋ ಅಂತ ಹೇಳಬಲ್ಲ. ಹಣೆಯ ಕಣ್ಣು ತೆರೆದಷ್ಟು ಹೊತ್ತು ಉಳಿದೆರಡು ಕಣ್ಣು ಮಂಜಾಗಲಿ, ಆ ಮಂಜು ಪೂರ್ತಿ ಹೋಗದೇ ಇರಲಿ. ಎಷ್ಟು ಹೊತ್ತು ತೆರೆದಿಡಬೇಕು ಅನ್ನುವುದನ್ನು ಆಟಗಾರನೇ ಹೇಳಲಿ. ಆಗ ಒದ್ದೆ ಸೌದೆ ಕಂಡರೆ ಅವನು ಮಂಡಿಯೂರಿ ಊದುತ್ತಾನೆ, ಕಣ್ಣು ತೆರೆಯುವುದಿಲ್ಲ.

ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ನಾಲ್ಕನೇ ಪುಟ ಮಾತ್ರ ಮತ್ತೆ ಬರೆದು, ಯಾವುದಾದರೂ ಭಾನುವಾರ ನೀವೇ ತೆಗೆದುಕೊಂಡು ಬನ್ನಿ, ಆಡಿ ನೋಡೋಣ. ಮಂಡಕ್ಕಿ, ಮಿರ್ಚಿ ನಮ್ಮ ಕಡೆಯಿಂದ. ನಮ್ಮ ಗುಂಪಿನಲ್ಲಿ ಬ್ಯಾಂಕಿನವನೊಬ್ಬ ಇದ್ದಾನೆ, ನಿಯಮದಲ್ಲಿ ತೂತು ಹುಡುಕುವುದರಲ್ಲಿ ಭಾರಿ ಗಟ್ಟಿಗ. ನಿಮ್ಮ ಪ್ರಸಾದದ ಸಾಲನ್ನು ಅವನಿಗಿನ್ನೂ ತೋರಿಸಿಲ್ಲ. ತೋರಿಸಿದ್ದರೆ ಲಾಡು ಮೂಟೆ ಹೊತ್ತುಕೊಂಡೇ ಕೋಟೆ ಹತ್ತುತ್ತಿದ್ದ.