ಕಳ್ಳ ಸಿಕ್ಕಿದರೆ ನನ್ನ ಸುಳ್ಳೂ ಸಿಗುತ್ತೆ

ಮನೆಯಲ್ಲಿ ಕಳ್ಳತನ ಆದವರು ನನ್ನ ಹತ್ತಿರ ಬರುವುದು ತುಂಬಾ ತಡವಾಗಿ. ಬಂದವರೂ ನಾಚಿಕೊಂಡೇ ಮಾತು ಶುರು ಮಾಡುತ್ತಾರೆ. "ವಸ್ತು ತಾನೇ ಮೇಡಂ, ಇದಕ್ಕೆಲ್ಲ ಆಪ್ತಸಲಹೆ ಬೇಕಾ?" ಅದರಲ್ಲೂ ಹೋದದ್ದು ದುಬಾರಿ ವಸ್ತುವಾದರೆ ಅಳುವುದಕ್ಕೂ ಸಂಕೋಚ. "ಅಷ್ಟು ದುಡ್ಡು ಕೊಟ್ಟು ತಗೊಂಡಿದ್ದಾದರೂ ಯಾಕೆ" ಎಂದು ಕೇಳುವವರು ಬಂಧುಗಳಲ್ಲೇ ಇರುತ್ತಾರಲ್ಲ.

ಈ ಪ್ರಕರಣ ನನ್ನನ್ನು ಕಾಡಿದ್ದು ಬೇರೆ ಕಾರಣಕ್ಕೆ. ಮೊದಲ ಮೂರು ಭೇಟಿಗಳನ್ನು ನಾನು ತಪ್ಪು ಕಡೆ ಕಳೆದೆ. ಗಂಡ ಹೆಂಡತಿ ಇಬ್ಬರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರ ಬದಲಿಸಿ ಬರೆಯುತ್ತಿದ್ದೇನೆ.

ಗಂಡ ಬೆಂಗಳೂರಿನವರು, ವಯಸ್ಸು 45ರ ಆಸುಪಾಸು, ಸಣ್ಣದೊಂದು ಫ್ಯಾಕ್ಟರಿ ಇದೆ. ಹಾಸನದ ಕಡೆ ಗೃಹಪ್ರವೇಶಕ್ಕೆಂದು ಎರಡು ದಿನ ಹೋಗಿದ್ದರು. ವಾಪಸ್ ಬಂದಾಗ ಅಡುಗೆಮನೆಯ ಗ್ರಿಲ್ ಕತ್ತರಿಸಿತ್ತು. ಒಡವೆ ಬ್ಯಾಂಕ್ ಲಾಕರ್‌ನಲ್ಲಿತ್ತು. ಹೋದದ್ದು ಬೀರುವಿನಲ್ಲಿದ್ದ 3 ವಾಚು: ಒಂದು ರೋಲೆಕ್ಸ್, ಎರಡು ಒಮೆಗಾ. ಐದು ವಾರದ ನಂತರ ಹೆಂಡತಿಯೇ ಅವರನ್ನು ಕರೆದುಕೊಂಡು ಬಂದರು. ನಿದ್ದೆ ಇಲ್ಲ. ರಾತ್ರಿ ಎಂಟು ಹತ್ತು ಸಲ ಎದ್ದು ಚಿಲಕ ನೋಡುವುದು. ದಿನವೂ ಸ್ಟೇಷನ್‌ಗೆ ಫೋನ್. ಮತ್ತೆ ಮತ್ತೆ ಅದೇ ಮಾತು: "ಮನೆಗೆಲಸದವಳಿಗೆ ಎಲ್ಲಾ ಗೊತ್ತಿತ್ತು." ಆಕೆ ಹನ್ನೊಂದು ವರ್ಷದಿಂದ ಆ ಮನೆಯಲ್ಲಿ ಕೆಲಸ ಮಾಡಿದವರು. ಇವರು ಹೆಸರು ಹೇಳಿದ್ದರಿಂದ ಪೊಲೀಸರು ಆಕೆಯನ್ನು ಕರೆಸಿ ವಿಚಾರಿಸಿದರು. ಮರುದಿನದಿಂದ ಆಕೆ ಕೆಲಸಕ್ಕೆ ಬರಲಿಲ್ಲ.

ನಾನು ಉಸಿರಾಟದ ಅಭ್ಯಾಸ ಹೇಳಿಕೊಟ್ಟೆ, ಮಲಗುವ ಹೊತ್ತಿನ ಬಗ್ಗೆ ಮಾತಾಡಿದೆ. ಏನೂ ಬದಲಾಗಲಿಲ್ಲ.

ನಾಲ್ಕನೇ ಸಲ ಅವರು ಒಬ್ಬರೇ ಬಂದರು. ಕಳ್ಳ ಯಾರು ಎನ್ನುವುದನ್ನು ಇವತ್ತು ಬಿಟ್ಟುಬಿಡೋಣ, ಒಂದೊಂದು ವಾಚೂ ಹೇಗೆ ಬಂತು ಹೇಳಿ ಎಂದೆ. ಒಮೆಗಾಗಳ ಬಗ್ಗೆ ಸರಾಗವಾಗಿ ಹೇಳಿದರು. ರೋಲೆಕ್ಸ್‌ಗೆ ಬಂದಾಗ ಮಾತು ನಿಂತಿತು. 2019ರಲ್ಲಿ ಫ್ಯಾಕ್ಟರಿಯ ಸಾಲ ತೀರಿದ ವಾರ ಕೊಂಡಿದ್ದಂತೆ. "ಹದಿನಾಲ್ಕು ವರ್ಷ ದುಡಿದಿದ್ದೆ. ನನಗೆ ಅಂತ ಒಂದು ಬೇಕು ಅನ್ನಿಸ್ತು."

ಎಷ್ಟು ಕೊಟ್ಟಿರಿ ಎಂದು ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದರು. "ಏಳು ಲಕ್ಷ. ಮನೇಲಿ ಒಂದೂವರೆ ಅಂದಿದ್ದೆ. ಎಫ್‌ಐಆರ್‌ನಲ್ಲೂ ಅದೇ ಇದೆ. ಬಿಲ್ಲು, ವಾರಂಟಿ ಕಾರ್ಡು ಎರಡೂ ಫ್ಯಾಕ್ಟರಿ ಟೇಬಲ್ಲಿನಲ್ಲಿವೆ. ಪೊಲೀಸರಿಗೆ ಕೊಟ್ಟಿಲ್ಲ." ಆಮೇಲೆ ತಲೆ ಎತ್ತದೆ ಹೇಳಿದರು: "ಕಳ್ಳ ಸಿಕ್ಕಿದರೆ ನನ್ನ ಸುಳ್ಳೂ ಸಿಗುತ್ತೆ ಮೇಡಂ."

ವಾಚು ಸಿಗಲಿ ಎಂದು ದಿನವೂ ಫೋನ್ ಮಾಡುತ್ತಿದ್ದವರೇ ಎಲ್ಲಿ ಸಿಕ್ಕಿಬಿಡುತ್ತದೋ ಎಂದೂ ಹೆದರುತ್ತಿದ್ದರು. ಇಂಥವರಿಗೆ ನಿದ್ದೆ ಎಲ್ಲಿಂದ ಬರಬೇಕು? ಎಲ್ಲರ ಕಣ್ಣು ಆ ಕೆಲಸದಾಕೆಯ ಮೇಲಿದ್ದಷ್ಟು ದಿನ ಬಿಲ್ಲು ಎಲ್ಲಿ ಎಂದು ಯಾರೂ ಕೇಳುವುದಿಲ್ಲ. ಅವರು ಬೇಕೆಂದೇ ಹೀಗೆ ಮಾಡಿದರು ಎಂದು ನನಗೆ ಅನ್ನಿಸಲಿಲ್ಲ. ಆದರೆ ಆದದ್ದು ಅದೇ.

ಮೊದಲು ಹೆಂಡತಿಗೆ ಹೇಳಿ, ಉಳಿದದ್ದೆಲ್ಲ ಆಮೇಲೆ ಎಂದೆ. ಇಷ್ಟು ನೇರವಾಗಿ ಹೇಳಬಾರದಿತ್ತು, ಅವರಾಗಿಯೇ ಆ ತೀರ್ಮಾನಕ್ಕೆ ಬರುವವರೆಗೆ ಕಾಯಬೇಕಿತ್ತು ಎಂದು ನನ್ನ ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ಸಾಮಾನ್ಯವಾಗಿ ನಾನೂ ಕಾಯುತ್ತೇನೆ. ಇಲ್ಲಿ ಮಾತ್ರ ನಾವು ಕಾದ ಪ್ರತಿ ದಿನವೂ ಮೂರನೆಯವರೊಬ್ಬರು ಕಳ್ಳಿ ಎನ್ನಿಸಿಕೊಂಡು ಬದುಕುತ್ತಿದ್ದರು. ಆ ಸಲಹೆಯನ್ನು ನಾನು ಇವತ್ತೂ ಬದಲಿಸುವುದಿಲ್ಲ.

ಹೆಂಡತಿ ಎರಡು ದಿನ ಮಾತು ಬಿಟ್ಟರಂತೆ. ಮೂರನೇ ದಿನ ಅವರೇ ಬಿಲ್ಲು, ಕಾರ್ಡು ಹಿಡಿದು ಗಂಡನ ಜೊತೆ ಸ್ಟೇಷನ್‌ಗೆ ಹೋಗಿ, ಹೆಚ್ಚುವರಿ ಹೇಳಿಕೆ ಕೊಡಿಸಿ ಬಂದರು.

ಓದುವವರು ಇದನ್ನು ಗಮನಿಸಬೇಕು. ಇಂಥ ವಾಚಿಗೆ ಸೀರಿಯಲ್ ನಂಬರ್ ಇರುತ್ತದೆ. ರೋಲೆಕ್ಸ್‌ನ ಈಚಿನ ಮಾದರಿಗಳಲ್ಲಿ ಗಾಜಿನೊಳಗೆ ಡಯಲ್ ಸುತ್ತಲಿನ ಉಂಗುರದ ಮೇಲೆ ಅದನ್ನು ಕೊರೆದಿರುತ್ತಾರೆ. ಕಾರ್ಡಿನಲ್ಲೂ ಅದೇ ನಂಬರ್. ಅದಿಲ್ಲದ ದೂರಿನಲ್ಲಿ ನಿಮ್ಮ ವಾಚು ಬರೀ "ಒಂದು ಕೈಗಡಿಯಾರ". ಕದ್ದ ವಾಚುಗಳ ಪಟ್ಟಿ ಇಡುವ ಲಂಡನ್ನಿನ 'ದಿ ವಾಚ್ ರಿಜಿಸ್ಟರ್' ಕೂಡ ಆ ನಂಬರಿನಿಂದಲೇ ಹುಡುಕುವುದು. ಇನ್ನು ದಿನವೂ ಫೋನ್ ಮಾಡುವುದನ್ನು ನಿಲ್ಲಿಸಿ ಎಂದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ, ತನಿಖೆ ಎಲ್ಲಿಗೆ ಬಂತು ಎಂದು ಪೊಲೀಸರು 90 ದಿನದೊಳಗೆ ದೂರುದಾರರಿಗೆ ತಿಳಿಸಬೇಕು. ಕ್ಯಾಲೆಂಡರಿನಲ್ಲಿ ಆ ದಿನ ಗುರುತು ಹಾಕಿಕೊಂಡರು.

ಚಿಲಕದ ವಿಷಯದಲ್ಲಿ ನೆದರ್ಲೆಂಡ್ಸ್‌ನ ಇಬ್ಬರು ಮನೋವಿಜ್ಞಾನಿಗಳು 2003ರಲ್ಲಿ ಪ್ರಕಟಿಸಿದ ಪ್ರಯೋಗದ ಬಗ್ಗೆ ಹೇಳಿದೆ. ಮಾರ್ಸೆಲ್ ವಾನ್ ಡೆನ್ ಹೌಟ್ ಮತ್ತು ಮೆರೆಲ್ ಕಿಂಟ್ ಎಂದು ಅವರ ಹೆಸರು. ಕಂಪ್ಯೂಟರಿನಲ್ಲಿ ಮಾಡಿದ ಗ್ಯಾಸ್ ಒಲೆಯನ್ನು ಜನರಿಂದ ಮತ್ತೆ ಮತ್ತೆ ಪರೀಕ್ಷೆ ಮಾಡಿಸಿದರು. ಜನರ ನೆನಪು ಕೆಟ್ಟಿರಲಿಲ್ಲ, ಆ ನೆನಪಿನ ಮೇಲಿನ ನಂಬಿಕೆ ಮಾತ್ರ ಕುಸಿದಿತ್ತು. ಜಾಸ್ತಿ ನೋಡಿದಷ್ಟೂ ಅನುಮಾನವೂ ಜಾಸ್ತಿ, ಅಲ್ವಾ? ಹಾಗಾಗಿ ರಾತ್ರಿ ಒಂದೇ ಸಲ, ಚಿಲಕದ ಮೇಲೆ ಕೈಯಿಟ್ಟು, "ಹಾಕಿದ್ದೇನೆ" ಎಂದು ಬಾಯಿಬಿಟ್ಟು ಹೇಳಿ ಮಲಗುವುದು. ಮೂರು ವಾರದಲ್ಲಿ ಐದು ಗಂಟೆ ನಿದ್ದೆ ಬರತೊಡಗಿತು. ಆಪ್ತಸಲಹೆಗಾರರು ಹತ್ತಿರ ಇಲ್ಲದವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬಹುದು, ಅದು ಉಚಿತ.

ಕೊನೆಯ ಸಲಹೆಯೇ ಅವರಿಗೆ ಎಲ್ಲಕ್ಕಿಂತ ಕಷ್ಟವಾಯಿತು. ಆ ಕೆಲಸದಾಕೆಯ ಮನೆಗೆ ಹೋಗಿ ಕ್ಷಮೆ ಕೇಳಿ ಎಂದಿದ್ದೆ. "ನಿಜವಾಗಿ ಅವಳೇ ಆಗಿದ್ದರೆ?" ಎಂದರು. ಅದನ್ನು ಪೊಲೀಸರು ನೋಡಿಕೊಳ್ಳುತ್ತಾರೆ, ನಿಮ್ಮ ಕೈಯಲ್ಲಿ ಪುರಾವೆ ಇದೆಯಾ ಎಂದು ಕೇಳಿದೆ. ಇರಲಿಲ್ಲ.

ಒಂದು ಭಾನುವಾರ ಗಂಡ ಹೆಂಡತಿ ಇಬ್ಬರೂ ಹೋದರು. ಆಕೆ ಕೂರಿಸಿ ಕಾಫಿ ಕೊಟ್ಟರಂತೆ. ಎಲ್ಲ ಕೇಳಿಸಿಕೊಂಡು ಹೇಳಿದರಂತೆ: "ನಿಮ್ಮ ಮನೆಗೆ ಕೆಲಸಕ್ಕೆ ಬರಲ್ಲ ಅಣ್ಣ. ಆದ್ರೆ ಈ ಮಾತನ್ನ ಆ ಇನ್ನೆರಡು ಮನೆಗೂ ಹೋಗಿ ಹೇಳಿ. ಅಲ್ಲೂ ನನ್ನ ಬಿಡಿಸಿಬಿಟ್ರು."

ಮೂರು ಭೇಟಿಗಳಲ್ಲಿ ನಾನು ಆಕೆಯ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ಇನ್ನೆರಡು ಮನೆ ಇವೆ ಎಂಬುದೂ ನನಗೆ ಗೊತ್ತಿರಲಿಲ್ಲ.

ವಾಚುಗಳು ಇನ್ನೂ ಸಿಕ್ಕಿಲ್ಲ. ಅವರು ಆ ಎರಡೂ ಮನೆಗೆ ಹೋಗಿ, ನಿಂತು, ತಪ್ಪು ನನ್ನದು ಎಂದು ಹೇಳಿ ಬಂದರು. ಒಂದು ಮನೆಯವರು ಆಕೆಯನ್ನು ಮತ್ತೆ ಕರೆದಿದ್ದಾರೆ.