ಗ್ರೀಕರ ಕಾಲದಲ್ಲಿ ಹಾರ್ಮೊನಿ ಇತ್ತಾ?

ಹಾರ್ಮೊನಿ, ಅಂದರೆ ಒಂದೇ ಸಲಕ್ಕೆ ಬೇರೆ ಬೇರೆ ಸ್ವರ ಹಾಡುವುದು, ಗ್ರೀಕರಿಂದಲೇ ಬಂತಾ, ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಯಾವಾಗ ಶುರುವಾಯಿತು ಅಂತ ಕೇಳಿದ್ದೀರಿ. ಗ್ರೀಕರಿಂದ ಅನ್ನುವುದಕ್ಕೆ ಆಧಾರ ಇಲ್ಲ. ಉಳಿದು ಬಂದಿರುವ ಗ್ರೀಕ್ ಹಾಡುಗಳು ಒಂದೇ ಎಳೆಯವು. ಚರ್ಚಿನ ಗ್ರೆಗೋರಿಯನ್ ಹಾಡುಗಳೂ ಅಷ್ಟೇ.

9ನೇ ಶತಮಾನದ ಬರಹಗಳಲ್ಲಿ ಎರಡನೇ ದನಿ ಕಾಣುತ್ತದೆ. ಅದೇ ಹಾಡನ್ನು ಸ–ಮ ಅಥವಾ ಸ–ಪ ಇರುವಷ್ಟು ಅಂತರದಲ್ಲಿ ಜೊತೆಗೆ ಹಾಡುವುದು. ಇದಕ್ಕೆ ಆರ್ಗನಮ್ ಅಂತಾರೆ.

ನಿಜವಾದ ಮಜಾ ಇರುವುದು 1200ರ ಆಸುಪಾಸಿನ ಪ್ಯಾರಿಸ್‌ನಲ್ಲಿ. ನೋಟ್ರ ಡಾಮ್ ಚರ್ಚಿನ ಕಟ್ಟಡ ಆಗಿನ್ನೂ ಮುಗಿದಿರಲಿಲ್ಲ. ಅಲ್ಲಿನ ಸಂಗೀತ ರಚನೆಕಾರ ಪೆರೋಟಿನ್‌ನ ‘ವಿಡೆರುಂಟ್ ಓಮ್ನೆಸ್’ ಅನ್ನುವ ಚರ್ಚಿನ ಹಾಡು ಕೇಳಿ ನೋಡಿ. ನಾಲ್ಕು ದನಿ. ಕೆಳಗಿನ ದನಿ ‘ವಿ’ ಅನ್ನುವ ಒಂದೇ ಅಕ್ಷರ ಹಿಡಿದು ತಂಬೂರಿಯ ಹಾಗೆ ನಿಂತುಬಿಡುತ್ತದೆ. ಮೇಲಿನ ಮೂರು ದನಿ ಕುಣಿಯುತ್ತಾ ಒಂದನ್ನೊಂದು ದಾಟುತ್ತವೆ. ಮುಂದಿನ ಅಕ್ಷರಕ್ಕೆ ಎಷ್ಟೋ ಹೊತ್ತು ಕಾಯಬೇಕು! ಇಷ್ಟು ಜನ ಹೀಗೆ ಹಾಡುವಾಗ ಕಾಲ ತಪ್ಪಿದರೆ ಎಲ್ಲಾ ಕೆಟ್ಟಂತೆ, ಅಲ್ವಾ? ಇಟಲಿಯ ಸನ್ಯಾಸಿ ಅರೆಝೋದ ಗೈಡೊ 11ನೇ ಶತಮಾನದಲ್ಲೇ ಗೆರೆ ಹಾಕಿ ಸ್ವರದ ಎತ್ತರ ಬರೆಯುವುದನ್ನು ಕಲಿಸಿದ್ದ. ಲಯವನ್ನು ಬರೆದು ತೋರಿಸುವ ಪದ್ಧತಿ ಬೆಳೆದಿದ್ದು ಈ ಪ್ಯಾರಿಸ್ ಗಾಯಕರ ಕಾಲದಲ್ಲಿ.

ಕಾರ್ಡ್‌ಗಳನ್ನೇ ಆಧಾರ ಮಾಡಿಕೊಂಡಿದ್ದು ಬರೋಕ್ ಅನ್ನುವ ಕಾಲದ ಯುರೋಪಿನ ಸಂಗೀತ, ಅಂದರೆ ಸುಮಾರು 1600ರಿಂದ ಈಚೆಗೆ. ಕೆಳಗಿನ ಸ್ವರ ಬರೆದು ಅದಕ್ಕೆ 6, 7 ಅಂತ ಅಂಕಿ ಹಾಕುತ್ತಿದ್ದರು. ಹಾರ್ಪ್ಸಿಕಾರ್ಡ್ (ಪಿಯಾನೋದಂಥ ಹಳೆಯ ವಾದ್ಯ) ನುಡಿಸುವವರು ಅದನ್ನು ನೋಡಿ ಉಳಿದ ಸ್ವರಗಳನ್ನು ಅಲ್ಲೇ ತುಂಬಬೇಕು. ಹೆಚ್ಚುಕಡಿಮೆ ನಮ್ಮ ಸಂಗೀತದ ಮನೋಧರ್ಮವೇ. ಜನ ಸುಮ್ನೆ ಬರೋಕ್ ಕಾಲದ ರಚನೆಕಾರ ಬಾಕ್‌ನಿಂದ ಶುರು ಮಾಡಿ ಅಂತಾರೆ. ನನ್ನ ಕೇಳಿದರೆ ಪೆರೋಟಿನ್ ಆದಮೇಲೆ ಮೊಂಟೆವೆರ್ಡಿಯ ‘ಒರ್ಫೆಯೊ’ ಅನ್ನುವ ಒಪೆರಾ, ಅಂದರೆ ಹಾಡಿನ ನಾಟಕ (1607) ಕೇಳಿ, ಬಾಕ್ ಆಮೇಲೆ.