ಸಂಪಾಜೆ ಘಾಟಿಯಲ್ಲಿ ಬೋಟ್ ಎಳೆಯುವ ಮುಂಚೆ

ನಮಸ್ಕಾರ. 600 ಕೆಜಿಯ ಬೋಟನ್ನು ಟ್ರೈಲರ್ ಮೇಲೆ ಮಂಗಳೂರಿನಿಂದ ಹಾರಂಗಿ ಹಿನ್ನೀರಿಗೆ ತರಬೇಕು, ಗಾಡಿ ಎಳೆಯುವ ಮಿತಿ 1,000 ಕೆಜಿ, ಸಾಕಾಗುತ್ತಾ ಅಂತ ಕೇಳಿದ್ದೀರಿ. ನನ್ನ ಪ್ರಕಾರ ಸಾಲದು.

ಆ 600 ಬರೀ ಬೋಟಿನ ತೂಕ ಅಲ್ವಾ? ಎಂಜಿನ್ 100, ಟ್ರೈಲರ್ 250 ಅಂತ ಹಿಡಿಯಿರಿ. 60 ಲೀಟರ್ ಪೆಟ್ರೋಲೇ ಸುಮಾರು 45 ಕೆಜಿ. ಬ್ಯಾಟರಿ, ಲಂಗರು, ಹಗ್ಗ ಸೇರಿದರೆ ಸಾವಿರ ದಾಟಿತು. ಸುಮ್ನೆ ಅಂದಾಜು ಬೇಡ, ಎಲ್ಲ ತುಂಬಿಸಿ ವೇಬ್ರಿಡ್ಜ್‌ನಲ್ಲಿ ತೂಗಿಸಿ.

ಗಾಡಿಯ ಜೊತೆ ಕಂಪನಿ ಕೊಟ್ಟ ಮಾಹಿತಿ ಪುಸ್ತಕವನ್ನೂ ಮತ್ತೊಮ್ಮೆ ನೋಡಿ. ಬ್ರೇಕ್ ಇರುವ ಟ್ರೈಲರಿಗೆ ಒಂದು ಮಿತಿ, ಇಲ್ಲದ್ದಕ್ಕೆ ಇನ್ನೂ ಕಡಿಮೆ ಮಿತಿ ಇರುವುದುಂಟು. ನಿಮ್ಮದು ಯಾವುದು?

ಘಾಟಿ ಹತ್ತುವಾಗ ಎಂಜಿನ್ ಏದುಸಿರು ಬಿಡುತ್ತದೆ. ಆದರೆ ನನಗೆ ಜಾಸ್ತಿ ಭಯ ವಾಪಸ್ ಇಳಿಯುವಾಗಿನದು. ಮಡಿಕೇರಿಯಿಂದ ಸಂಪಾಜೆವರೆಗೆ ಬರೀ ತಿರುವು. ಬ್ರೇಕ್ ತುಳಿಯುತ್ತಲೇ ಇದ್ದರೆ ಅದು ಕಾದು ಹಿಡಿತ ಬಿಡುತ್ತದೆ, ಹಿಂದಿನ ಭಾರ ಗಾಡಿಯನ್ನೇ ತಳ್ಳುತ್ತದೆ. ಇಳಿಜಾರು ಶುರುವಾಗುವ ಮುಂಚೆಯೇ ಕೆಳಗಿನ ಗೇರಿಗೆ ಹಾಕಿ.

ಇನ್ನು, ಟ್ರೈಲರಿನ ಒಟ್ಟು ಭಾರದ ಹತ್ತರಲ್ಲಿ ಒಂದು ಪಾಲಿನ ಆಸುಪಾಸು, ಗಾಡಿಯ ಹಿಂದೆ ಟ್ರೈಲರ್ ಸಿಕ್ಕಿಸುವ ಹುಕ್ ಮೇಲೆ ಕೂರಬೇಕು, ಹುಕ್ಕಿನ ಮಿತಿಯೊಳಗೆ. ಹಿಂದುಗಡೆ ಭಾರ ಹೆಚ್ಚಾದರೆ ಟ್ರೈಲರ್ ಅತ್ತಿತ್ತ ಓಲಾಡುತ್ತದೆ. ಮಳೆಗಾಲದಲ್ಲಂತೂ ದಯವಿಟ್ಟು ಹೊರಡಬೇಡಿ.